ಉಡಚಮ್ಮ ರುಬ್ಬಿದ ಕನ್ನಡಿ

ದಾವಣಗೆರೆ ಮಂಡಿಪೇಟೆಯಲ್ಲಿ ಆಕಾಶ ನೋಡುವ ನಮ್ಮ ಚುಕ್ಕಿ ಬಳಗಕ್ಕೆ ಕಾರ್ಯದರ್ಶಿ, ಖಜಾಂಚಿ, ಕಸ ಗುಡಿಸುವವ ಎಲ್ಲವೂ ನಾನೇ ಆಗಿದ್ದೆ. ಹೆಸರು ನಾಗಭೂಷಣ್, ಹೊಟ್ಟೆಪಾಡಿಗೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಬಳಗದ ಕಥೆ ಹೇಳು ಎಂದರೆ ನನ್ನನ್ನೇ ಹೊಗಳಿಕೊಳ್ಳುವ ಆಸೆ ನನಗೇನೂ ಕಡಿಮೆಯಿಲ್ಲ. ಆದರೆ ನಾನು ಮಾಡಿದ ಘನಕಾರ್ಯವೆಂದರೆ ಒಳ್ಳೆಯ ಗಾಜೊಂದರ ಮೇಲೆ ಬೆರಳುದ್ದದ ಗೀರು ಎಳೆದದ್ದು. ಆ ಗೀರನ್ನು ತೆಗೆದು, ಅದೇ ಗಾಜಿನಲ್ಲಿ ಇಡೀ ಪೇಟೆಗೆ ಚಂದ್ರನನ್ನು ತೋರಿಸಿದವಳು ಉಡಚಮ್ಮ. ಆದ್ದರಿಂದ ಇದು ಅವಳ ಕಥೆ. ನಡುನಡುವೆ ನಾನು ಮೂಗು ತೂರಿಸಿದರೆ ಸಹಿಸಿಕೊಳ್ಳಿ.

ಅದು ೧೯೯೬ರ ಡಿಸೆಂಬರ್. ಬರುವ ಮಾರ್ಚ್, ಏಪ್ರಿಲ್‌ನಲ್ಲಿ ಹೇಲ್-ಬಾಪ್ ಎಂಬ ದೊಡ್ಡ ಧೂಮಕೇತು ಬರಿಗಣ್ಣಿಗೇ ಕಾಣುತ್ತದೆ ಎಂದು ಪತ್ರಿಕೆಗಳಲ್ಲಿ ಬರುತ್ತಿತ್ತು. ನಮಗೆಲ್ಲ ಹುಚ್ಚು ಹಿಡಿದಿತ್ತು. ಬಳಗದಲ್ಲಿ ಹನ್ನೊಂದು ಜನ, ಟೆಲಿಸ್ಕೋಪು ಮಾತ್ರ ಒಂದೂ ಇಲ್ಲ. ಹೈಸ್ಕೂಲಿನ ವಿಜ್ಞಾನದ ಮೇಡಂ ಆಶಾರಾಣಿ ಎಲ್ಲಿಂದಲೋ ಒಂದು ಪುಸ್ತಕ ತಂದು, "ಕೊಳ್ಳೋದು ಬ್ಯಾಡ, ನಾವೇ ಮಾಡೋಣ" ಎಂದರು. ಆರಿಂಚಿನ ಎರಡು ದಪ್ಪ ಗಾಜಿನ ಬಿಲ್ಲೆ ತರಬೇಕು. ಒಂದನ್ನು ಡ್ರಮ್ಮಿನ ಮೇಲೆ ಕೂರಿಸಿ, ಅದರ ಮೇಲೆ ನೀರು ಮತ್ತು ಗಾಜು ಸವೆಸುವ ಕರಿಪುಡಿ ಹಾಕಿ, ಇನ್ನೊಂದು ಬಿಲ್ಲೆಯಿಂದ ಉಜ್ಜಬೇಕು. ಉಜ್ಜುತ್ತ ಡ್ರಮ್ಮಿನ ಸುತ್ತ ಸುತ್ತಬೇಕು. ಹೀಗೆ ತಿಂಗಳುಗಟ್ಟಲೆ ಮಾಡಿದರೆ ಮೇಲಿನ ಬಿಲ್ಲೆ ನಡುವೆ ತಗ್ಗಾಗುತ್ತದೆ. ಆ ತಗ್ಗಿಗೆ ಹೊಳಪು ಕೊಟ್ಟು ಲೇಪ ಹಾಕಿಸಿದರೆ ಅದೇ ಟೆಲಿಸ್ಕೋಪಿನ ಕನ್ನಡಿ.

ಜಾಗ ಕೊಟ್ಟವರು ಮೆಕ್ಕೆಜೋಳದ ಮಂಡಿಯ ಯಜಮಾನರು ಮುರುಗೇಶಪ್ಪ. ಅವರ ಮಂಡಿಯ ಮೇಲೆ ಖಾಲಿ ಗೋಣಿಚೀಲ ತುಂಬಿದ ಒಂದು ಕೋಣೆ, ಅದರ ಮೇಲೆ ತಾರಸಿ. ನಾವು ಸಂಜೆಯಾದರೆ ಆ ಕೋಣೆಯಲ್ಲಿ ಡ್ರಮ್ಮು ಸುತ್ತುತ್ತಿದ್ದೆವು. ಎರಡು ವಾರ ಬಹಳ ಹುರುಪು. ಮೂರನೆಯ ವಾರ ದೊರಗು ಪುಡಿಯಿಂದ ನಯ ಪುಡಿಗೆ ಬದಲಾಯಿಸುವಾಗ ನಾನು ಕೈ ಸರಿಯಾಗಿ ತೊಳೆಯಲಿಲ್ಲ. ಉಗುರಿನ ಸಂದಿಯಲ್ಲಿದ್ದ ಒಂದು ದೊರಗು ಕಾಳು ಗಾಜಿನ ನಡುವೆ ಸೇರಿ ಕರ್ರೆಂದು ಗೀರಿತು. ಎರಡು ದಿನ ಯಾರಿಗೂ ಹೇಳದೆ ಅದರ ಮೇಲೇ ಉಜ್ಜುತ್ತ ಹೋದೆ.

ಮೂರನೆಯ ದಿನ ಕೆಳಗಿನ ಹೋಟೆಲಿನಿಂದ ಮಂಡಕ್ಕಿ, ಮೆಣಸಿನಕಾಯಿ ಪೊಟ್ಟಣ ತಂದ ಹೆಂಗಸು ಬಾಗಿಲಲ್ಲೇ ನಿಂತು ನಗತೊಡಗಿದಳು. ನಲವತ್ತು ದಾಟಿದ ವಯಸ್ಸು, ಗಟ್ಟಿ ತೋಳು, ಮೊಣಕೈವರೆಗೆ ಸೋಪಿನ ನೊರೆ.

"ಏನ್ ಸಾರ್, ಇಷ್ಟು ಜನ ಗಂಡಸ್ರು ಕೂಡಿ ಏನ್ ರುಬ್ಬಕ್ ಹತ್ತೀರಿ?"

"ಕನ್ನಡಿ," ಎಂದೆ ಸಿಡುಕಿನಿಂದ.

"ಕನ್ನಡಿ ಯಾರಾದ್ರೂ ರುಬ್ತಾರಾ?" ಅವಳು ಕಿವಿ ಕೊಟ್ಟು ಕೇಳಿದಳು. "ನಿಮ್ ಪುಡಿ ಸತ್ತೈತೆ. ಸದ್ದೇ ಇಲ್ಲ ನೋಡ್ರಿ. ಇನ್ನ ಬರೀ ನೀರು ತಿರುವತೀರಿ. ಆಮ್ಯಾಲೆ, ಒಳಗ ಎಲ್ಲೋ ಒಂದು ಹರಳು ಐತೆ, ಟಿಕ್ ಟಿಕ್ ಅಂತೈತೆ."

ಹನ್ನೊಂದು ಜನರಲ್ಲಿ ಒಬ್ಬರಿಗೂ ಕೇಳದ ಟಿಕ್ ಟಿಕ್ ಅವಳಿಗೆ ಬಾಗಿಲಿಂದಲೇ ಕೇಳಿತ್ತು. ಆಶಾರಾಣಿ ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದರು. ಗೀರು ಬಯಲಾಯಿತು. ಜೊತೆಗೆ ನಾನೂ.

"ಖಾರ ರುಬ್ಬಿದ ಕಲ್ಲಾಗೆ ತೊಳೀದಂಗ ಉದ್ದು ಹಾಕ್ತಾರೇನ್ರಿ?" ಎಂದು ಅವಳು ನನ್ನನ್ನೇ ಕೇಳಿದಳು. ನನಗೆ ಉರಿದುಹೋಯಿತು. ಏಕೆಂದರೆ ಪುಸ್ತಕದಲ್ಲೂ ಅದನ್ನೇ ಬರೆದಿತ್ತು, ಮೂರು ಪುಟ.

ಉಡಚಮ್ಮ ಹತ್ತಿರದ ಬಾತಿ ಎಂಬ ಹಳ್ಳಿಯ ಮಗಳು. ಮಂಡಿಯಲ್ಲಿ ಹಮಾಲಿ ಮಾಡುವ ಗೋಣೆಪ್ಪನನ್ನು ಮದುವೆಯಾಗಿ ದಾವಣಗೆರೆಗೆ ಬಂದವಳು. ಮಂಡಿಯ ಕೆಳಗಿನ ರುದ್ರಮುನಿಯ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷ ಒರಳಿನ ಮುಂದೆ ಕೂತಿದ್ದಳು. ಬೆಳ್ಳಿಚುಕ್ಕಿ ನೋಡಿ ಎದ್ದು, ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ ಇಟ್ಟರೆ ಮರುದಿನ ಆ ಬೆಣ್ಣೆದೋಸೆಗೆ ಜನ ಸಾಲು ನಿಲ್ಲುತ್ತಿದ್ದರು. ತಿಂದವರು ಉಡಚಮ್ಮನ ಕೈಗುಣ ಎಂದು ಕೂಗಿ ಹೇಳಿ ಹೋಗುತ್ತಿದ್ದರು. ಆ ವರ್ಷದ ದೀಪಾವಳಿಗೆ ರುದ್ರಮುನಿ ಕರೆಂಟಿನ ಗ್ರೈಂಡರ್ ತಂದ. ಒರಳು ಹಿತ್ತಲಿಗೆ ಹೋಯಿತು, ಉಡಚಮ್ಮ ತಟ್ಟೆ ತೊಳೆಯುವ ನಲ್ಲಿಯ ಕೆಳಗೆ ಹೋದಳು. ಅದೂ ಆಗಲಿ ಎಂದುಕೊಂಡಿದ್ದಳಂತೆ. ಆದರೆ ಗಲ್ಲೆಯಲ್ಲಿ ಕೂತ ರುದ್ರಮುನಿ ಗಿರಾಕಿಗಳಿಗೆ, "ಈಗ ಹಿಟ್ಟು ದಿನಾ ಒಂದೇ ಸಮ ಬರ್ತೈತೆ ನೋಡ್ರಿ, ಮೊದ್ಲು ಆಕಿ ಕೈಯಾಗೆ ಒಂದಿನ ಹಂಗೆ ಒಂದಿನ ಹಿಂಗೆ" ಎಂದದ್ದು ಅವಳ ಕಿವಿಗೆ ಬಿತ್ತು. ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಮರುದಿನ ಮಧ್ಯಾಹ್ನದ ತಟ್ಟೆಗಳು ಮುಗಿದ ಮೇಲೆ ಅವಳೇ ಮೇಲೆ ಬಂದಳು. ನಮ್ಮನ್ನೆಲ್ಲ ಕೆಳಗಟ್ಟಿ ಮೊಣಕೈವರೆಗೆ ಕೈ ತೊಳೆಸಿದಳು. ಗೋಣಿಚೀಲಗಳನ್ನು ಹೊರಹಾಕಿಸಿ ನೆಲ ಎರಡು ಸಲ ಒರೆಸಿದಳು. ಆಶಾರಾಣಿ ಉಜ್ಜುವ ಕ್ರಮ ತೋರಿಸಿದರು: ಮುಂದೆ, ಹಿಂದೆ, ಬಿಲ್ಲೆಯನ್ನು ಸ್ವಲ್ಪ ತಿರುಗಿಸು, ಒಂದು ಹೆಜ್ಜೆ ಸರಿ. ಉಡಚಮ್ಮ ಐದು ನಿಮಿಷ ತಡವರಿಸಿದಳು. ಆಮೇಲೆ ಅವಳ ತೋಳಿಗೆ ಲಯ ಸಿಕ್ಕಿಬಿಟ್ಟಿತು. ಒತ್ತಡ ಎಲ್ಲ ಕಡೆ ಸಮ, ಹೆಜ್ಜೆ ಸಮ, ಸದ್ದು ಸಮ. ಪುಡಿ ಸವೆದದ್ದು ಅವಳಿಗೆ ಕಿವಿಯಿಂದಲೇ ಗೊತ್ತಾಗುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಒಂದು ವಾರದ ನಂತರ ಹೊಟ್ಟೆಕಿಚ್ಚಿನ ಜಾಗಕ್ಕೆ ಭಕ್ತಿ ಬಂತು.

ನನ್ನ ಗೀರು ತೆಗೆಯಲು ಅವಳಿಗೆ ಹನ್ನೊಂದು ಸಂಜೆ ಹಿಡಿಯಿತು. ಅವತ್ತು ಆಶಾರಾಣಿ ಸದಸ್ಯರ ಪುಸ್ತಕ ತೆಗೆದು ಹನ್ನೆರಡನೆಯ ಹೆಸರು ಬರೆದರು. ಉಡಚಮ್ಮನಿಗೆ ಸಹಿ ಬಾರದು. ಹೆಬ್ಬೆಟ್ಟು ಒತ್ತಿಸಿದರೆ ಬರೀ ಮಸಿಯ ಗುಂಡು ಬಿತ್ತು, ಗೆರೆಯೇ ಇಲ್ಲ. ಒರಳು ಎಲ್ಲ ಗೆರೆಗಳನ್ನೂ ತಿಂದುಬಿಟ್ಟಿತ್ತು.

"ಇಷ್ಟೆಲ್ಲ ಯಾಕ ಮಾಡ್ತೀಯ ಉಡಚಮ್ಮ?" ಎಂದು ಒಂದು ದಿನ ಕೇಳಿದೆ.

"ಈ ಕೈ ಕೆಟ್ಟಿಲ್ಲ ಅಂತ ಆ ಮನಷ್ಯಾಗೆ ಗೊತ್ತಾಗ್ಬೇಕು ಸಾರ್," ಎಂದಳು. ಕೈ ನಿಲ್ಲಿಸದೆಯೇ ಹೇಳಿದಳು.

ಮಾರ್ಚ್ ಕೊನೆಯ ವಾರ, ಹೊಳಪು ಕೊಡುವುದೂ ಮುಗಿದ ಮೇಲೆ, ಕನ್ನಡಿಯನ್ನು ಪರೀಕ್ಷೆಗೆ ಹರಿಹರಕ್ಕೆ ಒಯ್ದೆವು. ಅಲ್ಲಿ ಲೇತ್ ಅಂಗಡಿ ಇಟ್ಟಿದ್ದ ಅಮೀರ್ ಜಾನ್ ನಮ್ಮ ಬಳಗದವರೇ. ಕೊಳವೆ, ಸ್ಟ್ಯಾಂಡು ಎಲ್ಲ ಅವರ ಕೈಯ ಕೆಲಸ. ಬಸ್ಸಿನಲ್ಲಿ ಉಡಚಮ್ಮ ಗಾಜನ್ನು ಹಳೇ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಗುಂಡಿ ಬಂದಾಗಲೆಲ್ಲ ಡ್ರೈವರನಿಗೆ ಬೈಗುಳ. ಪಕ್ಕದ ಅಜ್ಜಿ ಬಗ್ಗಿ, "ಎಷ್ಟು ತಿಂಗಳವ್ವಾ ಕೂಸಿಗೆ?" ಎಂದು ಕೇಳಿದಳು.

"ಮೂರು," ಎಂದಳು ಉಡಚಮ್ಮ.

ಅಮೀರ್ ಜಾನ್ ಅಂಗಡಿಯ ಬಾಗಿಲು ಮುಚ್ಚಿ, ತೂತು ಕೊರೆದ ಡಬ್ಬಿಯೊಳಗೆ ಬಲ್ಬು ಹಚ್ಚಿದರು. ಆ ತೂತಿನ ಬೆಳಕು ಕನ್ನಡಿಗೆ ಬಡಿದು ವಾಪಸು ಬರುವ ಜಾಗದಲ್ಲಿ ಒಂದು ಬ್ಲೇಡು ಅಡ್ಡ ಹಿಡಿದು, ಕಣ್ಣಿಟ್ಟು ನೋಡಿದರು. ಕನ್ನಡಿಯಲ್ಲಿ ಉಬ್ಬು ತಗ್ಗು ಇದ್ದರೆ ಆಗ ಬೆಟ್ಟಗುಡ್ಡ ಕಂಡ ಹಾಗೆ ಕಾಣುತ್ತದೆ. ಅಮೀರ್ ಜಾನ್ ಬ್ಲೇಡನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಮತ್ತೆ ನೋಡಿದರು.

"ಮಾಶಾಅಲ್ಲಾ," ಎಂದರು ಕೊನೆಗೆ. "ಮೂವತ್ತು ವರ್ಷ ಲೇತ್ ಮ್ಯಾಲೆ ಕೆಲಸ ಮಾಡೀನಿ. ಇಷ್ಟು ಸಮ ನನ್ ಮಿಷನ್ ಕೂಡ ಮಾಡಲ್ಲ ತಾಯಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನಂತೂ ಕೂಗಿಬಿಟ್ಟೆ.

ಆ ಸಂಜೆ ಎಲ್ಲರೂ ತುಂಗಭದ್ರೆಯ ಮರಳಿನ ಮೇಲೆ ಕೂತೆವು. ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಆಗಿತ್ತು. ನಾನು ನಕ್ಷೆ ಬಿಚ್ಚಿ, ಟಾರ್ಚು ಹಚ್ಚಿ, ಧೂಮಕೇತು ಎಲ್ಲಿರಬೇಕೆಂದು ಡಿಗ್ರಿ ಲೆಕ್ಕ ಹಾಕುತ್ತಿದ್ದೆ. ಉಡಚಮ್ಮ ಎದ್ದು ನಿಂತು ವಾಯವ್ಯಕ್ಕೆ ಬೆರಳು ಮಾಡಿದಳು. "ಅದೇನ್ರಿ ಅಲ್ಲಿ? ಚುಕ್ಕಿಯಿಂದ ಹಿಟ್ಟು ಉದುರಿದಂಗೆ ಐತಲ್ಲ!" ಅಷ್ಟೇ. ಹನ್ನೆರಡು ಜನ ಮರಳಿನಲ್ಲಿ ಕುಣಿದೆವು. ಅಮೀರ್ ಜಾನ್ ಶಿಳ್ಳೆ ಹೊಡೆದರು, ಆಶಾರಾಣಿ ಮೇಡಂ ಚಪ್ಪಲಿ ಎಲ್ಲಿ ಬಿಟ್ಟೆನೆಂದು ಮರೆತು ಬರಿಗಾಲಲ್ಲೇ ಬಸ್ ಹತ್ತಿದರು. ಬಾಲವಿರುವ ಚುಕ್ಕಿ ಕಂಡರೆ ಕೇಡು ಎಂದು ಯಾರೋ ದಾರಿಯಲ್ಲಿ ಎಂದಾಗ ಉಡಚಮ್ಮ, "ಅದರ ಪಾಡಿಗೆ ಅದು ಹೊಂಟೈತೆ, ನಮ್ ಗೊಡವೆ ಅದಕ್ಯಾಕ?" ಎಂದು ಬಾಯಿ ಮುಚ್ಚಿಸಿದಳು.

ಕನ್ನಡಿ ಲೇಪಕ್ಕೆ ಬೆಂಗಳೂರಿಗೆ ಹೋಯಿತು. ಇತ್ತ ನನ್ನ ತಲೆಗೆ ಒಂದು ಹುಮ್ಮಸ್ಸು ಏರಿತು. ಏಪ್ರಿಲ್ ಎಂಟಕ್ಕೆ ಯುಗಾದಿ. ಮರುದಿನ ಸಂಜೆ ಊರಿಗೆ ಊರೇ ಪಡುವಣಕ್ಕೆ ಮುಖ ಮಾಡಿ ಹೊಸ ವರ್ಷದ ಚಂದ್ರನನ್ನು ನೋಡುತ್ತದೆ, ನೋಡಿ ಹಿರಿಯರ ಕಾಲಿಗೆ ಬೀಳುತ್ತದೆ. ಅವತ್ತೇ ಟೆಲಿಸ್ಕೋಪಿನ ಉದ್ಘಾಟನೆ ಏಕಾಗಬಾರದು? ಇನ್‌ಸ್ಟಿಟ್ಯೂಟಿನ ಎಲ್ಲ ಮಿಷನ್ನುಗಳಲ್ಲೂ ಕಾರ್ಬನ್ ಹಾಕಿ ಕರೆಯೋಲೆ ಹೊಡೆಸಿದೆ: ಯುಗಾದಿ ಚಂದ್ರದರ್ಶನ, ಟೆಲಿಸ್ಕೋಪಿನಲ್ಲಿ, ಮುರುಗೇಶಪ್ಪನವರ ತಾರಸಿ, ಸರ್ವರಿಗೂ ಸ್ವಾಗತ. ಮುರುಗೇಶಪ್ಪ ಖುಷಿಯಾಗಿ, "ಮೊದ್ಲ ನೋಟ ನಂದು" ಎಂದರು. ಒಪ್ಪಿಕೊಂಡೆ. ಉಡಚಮ್ಮ ಬಾತಿಗೆ ಹೋಗಿ, ತಾನು ಮಾಡಿದ ಕನ್ನಡಿಯಲ್ಲಿ ಚಂದ್ರ ಕಾಣುತ್ತಾನೆಂದು ಮನೆಮನೆಗೆ ಹೇಳಿ ಬಂದಳು. ರುದ್ರಮುನಿಗೂ ಕರೆಯೋಲೆ ಕೊಟ್ಟಳು, ತಾನೇ ಕೈಯಾರೆ.

ಲೇಪವಾದ ಕನ್ನಡಿ ಬಂದದ್ದು ಹಬ್ಬದ ದಿನ ರಾತ್ರಿ. ಮರುದಿನ ಮಧ್ಯಾಹ್ನ ಕೊಳವೆಗೆ ಕೂರಿಸಿ, ನಾನೂ ಆಶಾರಾಣಿಯೂ ದೂರದ ಗಿರಣಿ ಚಿಮಣಿ ನೋಡಿದೆವು. ಇಟ್ಟಿಗೆ ಇಟ್ಟಿಗೆ ಎಣಿಸಬಹುದಿತ್ತು. ಚಿಮಣಿ ತಲೆಕೆಳಗಾಗಿತ್ತು. ಈ ಬಗೆಯ ಟೆಲಿಸ್ಕೋಪಿನಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುತ್ತದೆ, ಅದು ನಮಗೆ ಗೊತ್ತಿದ್ದ ವಿಷಯ. ಗೊತ್ತಿದ್ದ ವಿಷಯವಾದ್ದರಿಂದ ಯಾರಿಗೂ ಹೇಳಲಿಲ್ಲ. ಹಬ್ಬದ ಗಿರಾಕಿಗಳ ತಟ್ಟೆ ತೊಳೆಯುತ್ತಿದ್ದ ಉಡಚಮ್ಮನಿಗೂ ಹೇಳಲಿಲ್ಲ.

ಸಂಜೆ ತಾರಸಿಯಲ್ಲಿ ಕಾಲಿಡಲು ಜಾಗವಿಲ್ಲ. ಬಾತಿಯಿಂದ ಒಂದು ಟ್ರ್ಯಾಕ್ಟರ್ ಜನ. ಮಂಡಿಯ ವರ್ತಕರು, ಹಮಾಲರು, ಹಬ್ಬದ ಸೀರೆಯ ಹೆಂಗಸರು. ರುದ್ರಮುನಿ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಮುರುಗೇಶಪ್ಪನವರ ಮನೆಯವರು ಬಂದವರಿಗೆಲ್ಲ ಪಾನಕ ಮಾಡಿಸಿದ್ದರು. ಹೋಟೆಲಿನ ಹೆಂಗಸು ಎಂದು ಬಡಿಸುವ ಕೆಲಸ ಉಡಚಮ್ಮನಿಗೇ ಬಿತ್ತು. ಕನ್ನಡಿ ಮಾಡಿದವಳನ್ನು ಪಾನಕಕ್ಕೆ ನಿಲ್ಲಿಸಿದ್ದು ನನಗೆ ಸರಿಬರಲಿಲ್ಲ, ಆದರೆ ಅವಳು ಸಂಭ್ರಮದಲ್ಲಿದ್ದಳು. ಬಾತಿಯವರಿಗೆ ಎರಡೆರಡು ಲೋಟ ಕೊಡುತ್ತಿದ್ದಳು.

ಮುರುಗೇಶಪ್ಪ ಮೆಟ್ಟಿಲು ಹತ್ತಿದ್ದನ್ನು ನೋಡಬೇಕಿತ್ತು. ವರ್ಷದ ಚಂದ್ರನನ್ನು ಮೊದಲು ಟೆಲಿಸ್ಕೋಪಿನಲ್ಲೇ ನೋಡಬೇಕೆಂದು, ಆಕಾಶ ಕಣ್ಣಿಗೆ ಬೀಳದಂತೆ ಹಣೆಗೆ ಟವಲ್ ಅಡ್ಡ ಹಿಡಿದು, ನೆಲ ನೋಡುತ್ತ, ಹೆಂಡತಿ ಸರ್ವಮಂಗಳಮ್ಮನವರ ಕೈಹಿಡಿದು ಬಂದರು. ನಾನು ಕೊಳವೆ ಸರಿಮಾಡಿ, "ಬರ್ರಿ ಯಜಮಾನ್ರೇ, ನೋಡ್ರಿ" ಎಂದೆ. ಅವರು ವಿಭೂತಿ ಹಚ್ಚಿದ ಹಣೆ ಬಗ್ಗಿಸಿ ಕಣ್ಣಿಟ್ಟರು. ಅವರು ನೋಡುವ ತನಕ ತಾವೂ ನೋಡಬಾರದೆಂದು ಉಳಿದವರೆಲ್ಲ ಪಡುವಣಕ್ಕೆ ಬೆನ್ನು ಮಾಡಿ ನಿಂತಿದ್ದರು.

"ನಾಗಭೂಷಣಾ," ಎಂದರು. "ಚಂದ್ರ ಬೋರಲು ಬಿದ್ದಾನಲ್ಲೋ!"

ಮಂಡಿಪೇಟೆಯಲ್ಲಿ ಯುಗಾದಿ ಚಂದ್ರ ಬರೀ ಚಂದ್ರನಲ್ಲ. ಅವನ ಎರಡು ಕೋಡು ಸಮನಾಗಿ, ತೊಟ್ಟಿಲ ಹಾಗೆ ಮಲಗಿದ್ದರೆ ಅದರಲ್ಲಿ ವರ್ಷದ ಮಳೆ ತುಂಬಿ ನಿಲ್ಲುತ್ತದೆ, ಬೆಳೆ ಬರುತ್ತದೆ. ಒಂದು ಕೋಡು ವಾಲಿದರೆ ಅದಕ್ಕೊಂದು ಅರ್ಥ. ಪೂರ್ತಿ ಬೋರಲಾದ ಚಂದ್ರನನ್ನು ಮಾತ್ರ ಅಲ್ಲಿ ಯಾರೂ ಕಂಡಿರಲಿಲ್ಲ. "ವರ್ಷದ ಮಳೆಯೆಲ್ಲ ಸುರುವಿ ಹೋತು" ಎಂದು ಯಾರೋ ಅಂದರು. ಗುಸುಗುಸು ಗದ್ದಲವಾಯಿತು. ನಾನು ಪ್ರತಿಫಲನ, ಸಂಗಮಬಿಂದು ಎಂದು ಶುರುಮಾಡಿದೆ. "ನಿನ್ ಬಿಂದು ತಗಂಡ್ ಹೋಗಲೋ" ಎಂದರು ವರ್ತಕರೊಬ್ಬರು.

ಆಗ ರುದ್ರಮುನಿ ಮೂಲೆಯಿಂದ ಹೇಳಿದ: "ರುಬ್ಬೋಳ ಕೈಯಾಗೆ ಗಾಜು ಕೊಟ್ರೆ ಇನ್ನೇನಾಗ್ತೈತ್ರಿ? ಸೊಟ್ಟ ಉಜ್ಜ್ಯಾಳೆ. ಆಕಿ ಕೈ ನನಗೆ ಗೊತ್ತಿಲ್ವಾ?"

ಬಾತಿಯವರು ತಲೆ ತಗ್ಗಿಸಿದರು. ಗೋಣೆಪ್ಪ ಹಮಾಲರ ನಡುವೆ ಹಿಂದೆ ಸರಿದ. ಉಡಚಮ್ಮ ಸೌಟು ಹಿಡಿದೇ ಜನರನ್ನು ತಳ್ಳಿಕೊಂಡು ಬಂದು ಕಣ್ಣಿಟ್ಟಳು. ತಾನು ಮೂರು ತಿಂಗಳು ಉಜ್ಜಿದ ಗಾಜಿನಲ್ಲಿ ಅವಳು ಮೊದಲ ಸಲ ನೋಡಿದ್ದು ಆವಾಗಲೇ. ತಲೆ ಎತ್ತಿ ನನ್ನ ಕಡೆ ತಿರುಗಿದಳು.

"ಸಾರ್, ನನ್ ಕೈ ತಪ್ಪಾತಾ?"

"ಇಲ್ಲ ಉಡಚಮ್ಮ, ಅದು ಹಂಗೇ ಕಾಣೋದು."

"ನಿಮಗೆ ಮೊದ್ಲೇ ಗೊತ್ತಿತ್ತಾ? ಮತ್ತೆ ನನಗ್ಯಾಕ ಹೇಳ್ಲಿಲ್ಲ?"

ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಇನ್ನೊಮ್ಮೆ ಆಗಿಲ್ಲ. ಅವಳು ತಿರುಗಿ ಮೆಟ್ಟಿಲ ಕಡೆ ನಡೆದಳು. ಹೊರಟೇಹೋದಳು ಎಂದುಕೊಂಡೆ. ಪಾನಕದ ಕೊಳದಪ್ಪಲೆಯ ಹತ್ತಿರ ಅವಳು ನಿಂತಳು. ಸೌಟನ್ನು ಕೆಳಗಿಡಲು ಬಗ್ಗಿದವಳು ಹಾಗೇ ಅದರೊಳಗೆ ನೋಡುತ್ತ ಉಳಿದಳು. ತಿರುಗಿಸಿ ಬೆನ್ನ ಕಡೆ ನೋಡಿದಳು. ಮತ್ತೆ ಒಳಗೆ ನೋಡಿದಳು.

"ಮೇಡಂ, ಲೈಟ್ ಹಾಕ್ರಿ!" ಎಂದು ಕೂಗಿದಳು.

ಆಶಾರಾಣಿ ಮೆಟ್ಟಿಲ ಮೇಲಿನ ಬಲ್ಬು ಹಾಕಿದರು. ಉಡಚಮ್ಮ ಹೊಸ ಸ್ಟೀಲಿನ ಆ ಸೌಟನ್ನು ಸೆರಗಿನಿಂದ ತಿಕ್ಕಿ ಒರೆಸಿ, ನೇರವಾಗಿ ಮುರುಗೇಶಪ್ಪನವರ ಮುಖಕ್ಕೆ ಹಿಡಿದಳು.

"ಯಜಮಾನ್ರೇ, ಇದರ ಬೆನ್ನಾಗೆ ನೋಡ್ರಿ. ಹೆಂಗದೀರಿ?"

"ನೆಟ್ಟಗಿದೀನಿ."

"ಈಗ ಹೊಟ್ಟೆ ಕಡೆ ನೋಡ್ರಿ."

ಮುರುಗೇಶಪ್ಪ ನೋಡಿದರು. ಅವರ ಗದ್ದ ಮೇಲಿತ್ತು, ವಿಭೂತಿ ಕೆಳಗಿತ್ತು, ಮೀಸೆ ಆಕಾಶ ನೋಡುತ್ತಿತ್ತು. ಪಕ್ಕದಿಂದ ಬಗ್ಗಿದ ಸರ್ವಮಂಗಳಮ್ಮ ಕಿಸಕ್ಕನೆ ನಕ್ಕರು.

"ನೀವು ಬೋರಲು ಬಿದ್ರಾ? ಇಲ್ಲಲ್ಲ," ಎಂದಳು ಉಡಚಮ್ಮ. ಈಗ ಅವಳ ದನಿ ತಾರಸಿಯ ಕೊನೆಯವರೆಗೂ ಕೇಳುತ್ತಿತ್ತು. "ತಗ್ಗಿನಾಗೆ ನೋಡಿದ್ರೆ ಎಲ್ಲಾ ತಲೆಕೆಳಗೇ. ಮೂರು ತಿಂಗಳು ನಾನು ಮಾಡಿದ್ದು ಆ ತಗ್ಗೇ. ಇವತ್ತು ಚಂದ್ರ ನೆಟ್ಟಗೆ ಕಂಡಿದ್ರೆ ಆಗ ಹೇಳ್ರಿ, ಉಡಚಿ ಸೊಟ್ಟ ಉಜ್ಜಿದ್ಲು ಅಂತ. ಚಂದ್ರ ಹೆಂಗದಾನೆ ಅಂತ ನೋಡಾಕೆ ದುರ್ಬೀನು ಯಾಕ? ಟವಲ್ ತಗದು ಮ್ಯಾಲೆ ನೋಡ್ರಿ!"

ಮುರುಗೇಶಪ್ಪ ಟವಲ್ ತೆಗೆದು ತಲೆ ಎತ್ತಿದರು. ಪಡುವಣದಲ್ಲಿ ಎಳೆಯ ಚಂದ್ರ ಎರಡೂ ಕೋಡು ಸಮನಾಗಿ, ಅಂಗಾತ ಮಲಗಿದ್ದ. ಕೈಮುಗಿದು, ಹೊಟ್ಟೆ ಕುಲುಕಿಸಿ ನಗತೊಡಗಿದರು. ತಾರಸಿಯ ಜನವೆಲ್ಲ ನಕ್ಕಿತು. ಸೌಟು ಕೈಯಿಂದ ಕೈಗೆ ಹೋಯಿತು. ಸೌಟಿಗೊಂದು ಸಾಲು, ಟೆಲಿಸ್ಕೋಪಿಗೊಂದು ಸಾಲು. ಆಶಾರಾಣಿ ಮೇಡಂ ಹನ್ನೆರಡು ವರ್ಷ ಬೋರ್ಡಿನ ಮೇಲೆ ಬರೆದು ಕಲಿಸಿದ್ದನ್ನು ಇವಳು ಎರಡು ನಿಮಿಷದಲ್ಲಿ ಕಲಿಸಿದ್ದಳು. ಅವರೇ ಹಾಗೆಂದರು, ಕಣ್ಣಲ್ಲಿ ನೀರು ತುಂಬಿಕೊಂಡು.

ಬಾತಿಯವರು, ಹಮಾಲರು, ಎಲ್ಲರೂ ನೋಡಿ ಮುಗಿಸುವ ಹೊತ್ತಿಗೆ ಚಂದ್ರ ಕೆಳಗಿಳಿದಿದ್ದ. ದೀಪ ಆರಿಸಿ ಕೊಳವೆಯನ್ನು ಧೂಮಕೇತುವಿನ ಕಡೆ ತಿರುಗಿಸಿದೆ. ಮೊದಲು ಯಾರು ಎಂದು ಕೇಳುವ ಮೊದಲೇ ಮುರುಗೇಶಪ್ಪ ಮುಂದೆ ಬಂದರು. ಬಂದವರು ನಿಂತು, ಹಿಂದೆ ತಿರುಗಿ, "ಉಡಚಮ್ಮ ಎಲ್ಲಿ? ಬಾರವ್ವಾ, ಕೂಡು" ಎಂದರು. ಅವಳು ಕೈ ಒರೆಸಿಕೊಂಡು ಬಂದು ಸ್ಟೂಲಿನ ಮೇಲೆ ಕೂತು ಕಣ್ಣಿಟ್ಟಳು. ಚುಕ್ಕಿ ಸರಿದಂತೆಲ್ಲ ಕೊಳವೆಯನ್ನು ಬೆರಳ ತುದಿಯಿಂದ ತಾನೇ ಸರಿಸಿಕೊಳ್ಳುತ್ತಿದ್ದಳು. ಐದು ನಿಮಿಷವಾಯಿತು, ಹತ್ತಾಯಿತು.

"ಏನ್ ಕಾಣ್ತೈತೆ ಉಡಚಮ್ಮ?" ಎಂದೆ ತಡೆಯಲಾರದೆ.

"ಸುಮ್ನಿರ್ರಿ ಸಾರ್."

ಸಾಲಿನಲ್ಲಿ ನಿಂತಿದ್ದ ರುದ್ರಮುನಿ ಕತ್ತು ಚಾಚಿ, "ಜಲ್ದಿ ನೋಡವ್ವಾ, ಹಿಂದ್ಗಡ್ಲವರು ಕಾಯ್ತಾರೆ" ಎಂದ.

"ನೋಡ್ಲಿ ಬಿಡೋ," ಎಂದರು ಮುರುಗೇಶಪ್ಪ. "ಮಾಡಿದಾಕೀನೇ ಅವಳು. ನಿನಗೇನ್ ಅವಸರ?"

ಧೂಮಕೇತು ಅಕ್ಕಿಗಿರಣಿಯ ಛಾವಣಿ ಮುಟ್ಟುವ ತನಕ ಉಡಚಮ್ಮ ಸ್ಟೂಲು ಬಿಟ್ಟು ಏಳಲಿಲ್ಲ. ಅಲ್ಲಿಯವರೆಗೂ ಅವಳ ಬೆನ್ನ ಹಿಂದೆ ಮಂಡಿಪೇಟೆಯ ಯಜಮಾನರು, ಅವರ ಹಿಂದೆ ರುದ್ರಮುನಿ, ಸರದಿ ಕಾಯುತ್ತ ಸಾಲಿನಲ್ಲಿ ನಿಂತೇ ಇದ್ದರು.